ಪಂದಿಕರಿ ಬಿಡಿಸಿದೆವು, ಉಪ್ಪಿನ ಭರಣಿಯ ನೆನಪೇ ಆಗಲಿಲ್ಲ

ಸಂಪಾದಕರಿಗೆ ನಮಸ್ಕಾರ.

ಕೊಡಗಿನ ನಾಪೋಕ್ಲು ಕಡೆಯ ಒಂದು ಸಣ್ಣ ಕಾಫಿ ತೋಟದ ಮನೆಯವಳು ನಾನು. ಅಪ್ಪನಿಗೆ ಈಗ 76. ಎರಡು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದರು. ಮನೆಗೆ ಕರೆತಂದ ದಿನದಿಂದ ನೆಂಟರು, ನೆರೆಯವರು, ಫೋನ್ ಮಾಡಿದವರು ಎಲ್ಲರೂ ಹೇಳಿದ್ದು ಒಂದೇ, ಇನ್ನು ಪಂದಿಕರಿ (ಹಂದಿಮಾಂಸದ ಸಾರು) ಮುಟ್ಟಿಸಬೇಡಿ. ನಾವೂ ಹಾಗೇ ಮಾಡಿದೆವು. ಪಂದಿ ಬಂದ್, ಮೊಟ್ಟೆ ಬಂದ್, ತುಪ್ಪ ಬಂದ್. ಕೈಲ್ ಮುಹೂರ್ತ ಹಬ್ಬದ ದಿನವೂ ಅಪ್ಪನ ತಟ್ಟೆಗೆ ಕಡಂಬುಟ್ಟು (ಅಕ್ಕಿ ಕಡುಬು), ಬೇಳೆ ಸಾರು ಅಷ್ಟೇ. ಒಂದು ಮಾತೂ ಆಡದೆ ಉಂಡು ಎದ್ದರು.

ಮುಂದಿನ ಕಕ್ಕಡದಲ್ಲಿ, ಅಂದರೆ ಜೋರು ಮಳೆಯ ತಿಂಗಳಲ್ಲಿ, ಅಪ್ಪನ ಕಾಲು ಊದಿಕೊಂಡಿತು. ಮಾತ್ರೆ ಒಂದು ದಿನವೂ ತಪ್ಪಿಸಿರಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆ ಅಂತ ಮೂರು ದಿಂಬಿಗೆ ಒರಗಿ ಕೂತೇ ರಾತ್ರಿ ಕಳೆಯುತ್ತಿದ್ದರು. ಸುರಿಯುವ ಮಳೆಯಲ್ಲಿ ಜೀಪ್ ಮಾಡಿಕೊಂಡು ಮಡಿಕೇರಿಗೆ ಹೋದೆವು, ಅಲ್ಲಿಂದ ಮೈಸೂರಿಗೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಹೃದಯದ ಕಾಯಿಲೆಯವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಆ ದಾರಿ ಹೋದವರಿಗೆ ಅದು ಎಷ್ಟು ಉದ್ದ ಅಂತ ಗೊತ್ತು.

ಅಲ್ಲಿ ಚಿಕ್ಕ ವಯಸ್ಸಿನ ಒಬ್ಬ ಡಯಟಿಷಿಯನ್ ಇದ್ದರು. ಏನೇನು ಬಿಟ್ಟಿದ್ದೀರಿ ಅಂತ ಅವರು ಕೇಳಲೇ ಇಲ್ಲ. ಬೆಳಿಗ್ಗೆಯಿಂದ ರಾತ್ರಿವರೆಗೆ ತಿನ್ನುವುದನ್ನು ಹೇಳಿ ಅಂದರು. ಹೆಚ್ಚಾಗಿ ಗಂಜಿ, ಎಂದೆವು. ಗಂಜಿಗೆ ಏನು ನೆಂಚಿಕೊಳ್ತಾರೆ ಅಂತ ಕೇಳಿದರು. ಅವ್ವ ಒಂದೊಂದಾಗಿ ಹೇಳುತ್ತಾ ಹೋದರು. ಉಪ್ಪಿನಕಾಯಿ, ಸುಟ್ಟ ಒಣಮೀನು, ಉಪ್ಪುನೀರಲ್ಲಿ ಹಾಕಿಟ್ಟ ಕಾಡುಮಾವು, ಹಾಗೇ ಉಪ್ಪು ಹಾಕಿಟ್ಟ ಕಣಿಲೆ (ಎಳೆ ಬಿದಿರು), ಹಪ್ಪಳ, ಸಂಜೆ ಕಾಫಿ ಜೊತೆ ಬೇಕರಿ ಖಾರ. ಹೇಳುತ್ತಾ ಹೇಳುತ್ತಾ ಅವ್ವನ ದನಿಯೇ ಸಣ್ಣಗಾಯಿತು. ನನಗೂ ಹೊಟ್ಟೆಯಲ್ಲಿ ಏನೋ ಆಯಿತು. ಪಂದಿ ಬಿಡಿಸಿದ್ದೇವೆ ಅನ್ನುವ ಧೈರ್ಯದಲ್ಲಿ ದಿನಕ್ಕೆ ಮೂರು ಹೊತ್ತು ಉಪ್ಪು ಬಡಿಸಿದ್ದು ನಾವೇ ಅಲ್ವಾ.

ಅವರು ಬಿಡಿಸಿ ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಉಪ್ಪು ಮೈಯಲ್ಲಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಗ ರಕ್ತನಾಳದೊಳಗೆ ಹರಿಯುವುದು ಜಾಸ್ತಿಯಾಗಿ ಒತ್ತಡ ಏರುತ್ತದೆ. ಒಮ್ಮೆ ಪೆಟ್ಟು ತಿಂದ ಹೃದಯಕ್ಕೆ ಅಷ್ಟನ್ನೂ ತಳ್ಳುವ ಶಕ್ತಿ ಇರುವುದಿಲ್ಲ, ಹಾಗಾಗಿ ನೀರು ಕಾಲಿನಲ್ಲಿ, ಶ್ವಾಸಕೋಶದಲ್ಲಿ ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಎಲ್ಲಾ ಸೇರಿ ಒಂದು ಚಹಾ ಚಮಚಕ್ಕೂ ಸ್ವಲ್ಪ ಕಡಿಮೆ. ಅಡುಗೆಗೆ ಹಾಕುವುದು, ಭರಣಿಯಲ್ಲಿರುವುದು, ಪೊಟ್ಟಣದಲ್ಲಿ ಬರುವುದು ಎಲ್ಲಾ ಲೆಕ್ಕಕ್ಕೆ ಬರುತ್ತದೆ. ಉಪ್ಪಿನಲ್ಲಿ ನೀರನ್ನು ಹಿಡಿದಿಡುವ ಅಂಶ ಸೋಡಿಯಂ. ಪೊಟ್ಟಣದ ಹಿಂದೆ ಅದು ಎಷ್ಟು ಅಂತ ಬರೆದಿರುತ್ತದೆ, ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ಕಲ್ಲುಪ್ಪು, ಗುಲಾಬಿ ಬಣ್ಣದ ಉಪ್ಪು ಒಳ್ಳೆಯದು ಅಂತ ಸುಮ್ನೆ ದುಡ್ಡು ಕೊಡಬೇಡಿ, ಅದೂ ಸೋಡಿಯಮ್ಮೇ.

ನಮ್ಮ ಮಳೆಗಾಲ ಬೇರೆ ಊರಿನ ಮಳೆಗಾಲದ ಹಾಗಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತರಕಾರಿ ತರಲು ಸಂತೆಗೆ ಹೋಗುವುದೇ ಕಷ್ಟ, ಮರ ಬಿದ್ದು ರಸ್ತೆ ಬಂದ್, ದಿನಗಟ್ಟಲೆ ಕರೆಂಟ್ ಇಲ್ಲ. ಅದಕ್ಕೇ ಹಿಂದಿನವರು ಉಪ್ಪು ಹಾಕಿ, ಒಣಗಿಸಿ, ಹೊಗೆಗೆ ಕಟ್ಟಿ ಇಡುತ್ತಿದ್ದರು. ಅವರು ಅದನ್ನು ತಿಂದು ಗದ್ದೆಯಲ್ಲಿ ಬೆವರು ಸುರಿಸುತ್ತಿದ್ದರು. ಈಗ ಹಳ್ಳಿ ಮನೆಗಳಲ್ಲಿ ಉಳಿದಿರುವುದು ವಯಸ್ಸಾದ ಇಬ್ಬರು, ಮಕ್ಕಳು ಬೆಂಗಳೂರಲ್ಲಿ. ಇಬ್ಬರಿಗೋಸ್ಕರ ಪಲ್ಯ ಮಾಡುವುದು ಯಾಕೆ ಅಂತ ಗಂಜಿ, ಉಪ್ಪಿನಕಾಯಿಯಲ್ಲಿ ಊಟ ಮುಗಿಸುತ್ತಾರೆ. ಇದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಹಾಗಂತ ಪಂದಿಯ ಕೊಬ್ಬಿನಿಂದ ಏನೂ ಆಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಅದು ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತದೆ. ಈಗ ನಮ್ಮ ಡಾಕ್ಟರ್ ಹೇಳಿದಂತೆ ಹಬ್ಬದ ದಿನ ಕೊಬ್ಬು ತೆಗೆದ ನಾಲ್ಕು ತುಂಡು ಹಾಕುತ್ತೇವೆ. ಮೊಟ್ಟೆ, ಮೀನು, ಬೇಳೆ, ಮೊಸರು ಮತ್ತೆ ಶುರುವಾಗಿದೆ, ಯಾಕೆಂದರೆ ಎಲ್ಲಾ ಬಿಡಿಸಿ ಅಪ್ಪನ ತೋಳು, ತೊಡೆ ಸೊರಗಿ ಮೆಟ್ಟಿಲು ಹತ್ತಲು ಕೈ ಹಿಡಿಯಬೇಕಾಗಿತ್ತು. ಕಾಚಂಪುಳಿ (ನಮ್ಮ ಕಡೆಯ ಕಪ್ಪು ಹುಳಿರಸ), ಕರಿಮೆಣಸು, ನಿಂಬೆ ಇದ್ದರೆ ಅರ್ಧ ಉಪ್ಪಿನಲ್ಲೂ ಸಾರು ರುಚಿಯಾಗುತ್ತದೆ. ಮೊದಲ ಎರಡು ಮೂರು ವಾರ ಅಪ್ಪ ಸಪ್ಪೆ ಸಪ್ಪೆ ಅಂದರು. ಆಮೇಲೆ ನೆಂಟರ ಮನೆಯಲ್ಲಿ ಉಂಡು ಬಂದು, ಅಲ್ಲಿ ಯಾಕೆ ಅಷ್ಟು ಉಪ್ಪು ಹಾಕ್ತಾರೆ ಅಂತ ಕೇಳಿದರು!

ಸೋಡಿಯಂ ಕಡಿಮೆ ಇರುವ ಉಪ್ಪು ಅಂಗಡಿಯಲ್ಲಿ ಸಿಗುತ್ತದೆ. ಚೀನಾದ 600 ಹಳ್ಳಿಗಳಲ್ಲಿ 20,995 ಜನರ ಮೇಲೆ ಇಂಥ ಉಪ್ಪನ್ನು ಸುಮಾರು 5 ವರ್ಷ ಪರೀಕ್ಷಿಸಿದರು. ಅವರೆಲ್ಲಾ ಹಿಂದೆ ಸ್ಟ್ರೋಕ್ ಆದವರು, ಇಲ್ಲವೇ 60 ದಾಟಿ ಬಿಪಿ ಇದ್ದವರು. 2021ರಲ್ಲಿ ಫಲಿತಾಂಶ ಬಂತು, ಮಾಮೂಲಿ ಉಪ್ಪು ತಿಂದವರಿಗಿಂತ ಇದನ್ನು ತಿಂದವರಲ್ಲಿ ಸ್ಟ್ರೋಕ್ ಶೇ 14ರಷ್ಟು ಕಡಿಮೆಯಾಗಿತ್ತು. ಆದರೆ ಅದರಲ್ಲಿ ಪೊಟ್ಯಾಸಿಯಂ ಇದೆ, ಅದು ರಕ್ತದಲ್ಲಿ ಜಾಸ್ತಿಯಾದರೆ ಅಪಾಯ. ಕಿಡ್ನಿ ತೊಂದರೆ ಇರುವವರು, ಬಿಪಿಗೆ, ಹೃದಯಕ್ಕೆ ಟೆಲ್ಮಿಸಾರ್ಟನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಥರದ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಬಳಸಬಾರದು. ಉಪ್ಪನ್ನು ಪೂರ್ತಿ ನಿಲ್ಲಿಸುವುದೂ ಬೇಡ. ನಮ್ಮ ಪಕ್ಕದ ಮನೆಯ ಅಜ್ಜಿಗೆ ನೀರಿಳಿಸುವ ಮಾತ್ರೆ ಇತ್ತು, ಜೊತೆಗೆ ಚಿಟಿಕೆ ಉಪ್ಪೂ ಇಲ್ಲದ ಊಟ. ಸೋಡಿಯಂ ಇಳಿದು ಮಗನ ಗುರುತೇ ಸಿಗದ ಹಾಗಾಯಿತು.

ಈಗ ಅಪ್ಪ ದಿನಾ ಬೆಳಿಗ್ಗೆ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ. ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ನೀರು, ತಕ್ಷಣ ಡಾಕ್ಟರಿಗೆ ಫೋನ್ ಮಾಡಬೇಕು. ಮೊದಲ ಸಲ ಡಿಸ್ಚಾರ್ಜ್ ಮಾಡುವಾಗ ಇಷ್ಟನ್ನು ಯಾರೂ ಹೇಳಿರಲಿಲ್ಲ. ಕೊಟ್ಟ ಹಾಳೆಯಲ್ಲಿ ಉಪ್ಪು ಕಡಿಮೆ, ಕೊಬ್ಬು ಕಡಿಮೆ ಅಂತ ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು. ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ, ಅಡುಗೆ ಮಾಡುವವರು ಅವರೇ.

ಆಸ್ಪತ್ರೆಯವರಲ್ಲಿ ನನ್ನ ಕೇಳಿಕೆ ಇಷ್ಟೇ. ಆ ಹಾಳೆ ಕನ್ನಡದಲ್ಲಿರಲಿ, ಅದರಲ್ಲಿ ಒಣಮೀನು, ಉಪ್ಪಿನಕಾಯಿ, ಹಪ್ಪಳ ಅಂತ ಹೆಸರು ಹೇಳಿ ಬರೆಯಿರಿ. ಬಿಪಿ ನೋಡಲು ಮನೆಗೆ ಬರುವ ಆಶಾ ಕಾರ್ಯಕರ್ತೆಯರಿಗೆ, ಗಂಜಿಗೆ ಏನು ನೆಂಚಿಕೊಳ್ತೀರಿ ಅಂತಲೂ ಕೇಳಲು ಹೇಳಿಕೊಡಿ. ಸಂಪಾದಕರೇ, ನಿಮ್ಮ ಪತ್ರಿಕೆ ನಮ್ಮ ಕಡೆ ಮನೆಮನೆಗೆ ಬರುತ್ತದೆ. ಹೃದಯದ ಡಾಕ್ಟರೊಬ್ಬರಿಂದ ಈ ಬಗ್ಗೆ ಬರೆಸಿ ಹಾಕಿ. ಏಪ್ರಿಲ್, ಮೇ ತಿಂಗಳಲ್ಲೇ ಹಾಕಿ, ಭರಣಿ ತುಂಬಿಸುವುದು ಆಗಲೇ.

– ಓದುಗರೊಬ್ಬರು, ನಾಪೋಕ್ಲು