ಡ್ಯೂಟಿ ಬದಲಾಗುವ ಆ ಕಾಲು ಗಂಟೆ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಕಾಸರಗೋಡು ಪುಟದಲ್ಲಿ ಒಂದು ವೃದ್ಧಾಶ್ರಮದ ವಾರ್ಷಿಕೋತ್ಸವದ ಫೋಟೋ ಬಂದಿತ್ತು. ವೇದಿಕೆಯಲ್ಲಿ 11 ಜನ. ದೀಪ ಹಚ್ಚುವವರು, ಶಾಲು ಹೊದ್ದವರು, ಮೈಕ್ ಹಿಡಿದವರು. ಕನ್ನಡಕ ಹಾಕಿ ಎರಡು ಸಲ ನೋಡಿದೆ. ಅಲ್ಲಿ ಕೆಲಸ ಮಾಡುವವರು ಒಬ್ಬರೂ ಇರಲಿಲ್ಲ. ಬಲಮೂಲೆಯಲ್ಲಿ ವೀಲ್‌ಚೇರಿನ ಹಿಡಿಯ ಮೇಲೆ ಎರಡು ಕೈ ಮಾತ್ರ ಕಾಣುತ್ತಿತ್ತು. ಮಣಿಕಟ್ಟಿಗೆ ಕಪ್ಪು ನೂಲು ಕಟ್ಟಿದ ಕೈ. ಆ ಕೈಯ ಹೆಣ್ಣುಮಗಳು ಫೋಟೋದಿಂದ ಹೊರಗೆ.

ಆ ಆಶ್ರಮ ನಮ್ಮದಲ್ಲ. ಆದರೆ ಅಂಥದ್ದೇ ಒಂದರಲ್ಲಿ ನಾನು 2012ರಿಂದ ಕೆಲಸಕ್ಕಿದ್ದೇನೆ. ಟ್ರಸ್ಟಿನವರು ದಾನದ ಹಣದಲ್ಲಿ ನಡೆಸುವ ಜಾಗ. ಹೆಸರು ಬರೆಯುವುದಿಲ್ಲ, ಆಶ್ರಮದ್ದೂ, ನನ್ನದೂ. ಬದಿಯಡ್ಕದಿಂದ ಜಾಸ್ತಿ ದೂರ ಇಲ್ಲ ಅಂತ ಇಟ್ಟುಕೊಳ್ಳಿ.

ನಾನು ಸೇರುವಾಗ ಅದು ಹಂಚಿನ ಮನೆ. 14 ಜನ ಅಜ್ಜ ಅಜ್ಜಿಯಂದಿರು. ಅಡುಗೆಗೆ ಅಂತ ಹೋದವಳು ನಾನು. ಮೂರನೇ ದಿನ ಆಯಾ ಬರಲಿಲ್ಲ, ಒಬ್ಬ ಅಜ್ಜನಿಗೆ ಹಾಸಿಗೆಯಲ್ಲೇ ಎಲ್ಲ ಆಗಿಹೋಗಿತ್ತು. ಸೌಟು ಇಟ್ಟು ಹೋದೆ. ಮತ್ತೆ ಅಡುಗೆಮನೆಗೆ ವಾಪಸು ಹೋಗಲಿಲ್ಲ. ಈಗ ಮಾಳಿಗೆಯ ಇನ್‌ಚಾರ್ಜ್. ಈಗ ಲಿಫ್ಟ್ ಉಂಟು, 46 ಮಂಚ ಉಂಟು. ಪ್ರತಿ ಮಂಚದ ತಲೆಯ ಕಡೆ ಕೊಟ್ಟವರ ಹೆಸರು. ಫ್ರಿಜ್ಜಿನ ಬಾಗಿಲಲ್ಲೂ ಒಂದು ಹೆಸರು. 14 ಜನ ಇರುವಾಗ ರಾತ್ರಿಗೆ ಒಬ್ಬಳು ಇದ್ದಳು. 46 ಜನರಿಗೆ ಈಗ ಇಬ್ಬರು.

ಒಟ್ಟು ಕೆಲಸದವರು 19. ಮೂರು ವರ್ಷದಿಂದ 19. ಒಬ್ಬರು ಬಂದರೆ ಒಬ್ಬರು ಹೋಗಿರುತ್ತಾರೆ. 20 ಆದರೆ ಪಿಎಫ್ ಕಟ್ಟಬೇಕಾಗುತ್ತದೆ, ಅದಕ್ಕೇ 19 ಅಂತ ನಾವು ನಾವೇ ತಮಾಷೆ ಮಾಡಿಕೊಳ್ಳುತ್ತೇವೆ. ಇಎಸ್‌ಐ ಉಂಟು, ಅದು ಸರಿಯಾಗಿ ಕಟ್ಟುತ್ತಾರೆ. ಸುಳ್ಳು ಹೇಳಬಾರದು.

ನಮ್ಮ ಅಧ್ಯಕ್ಷರು ಒಳ್ಳೆಯವರು. ಪ್ರತಿ ಭಾಷಣದಲ್ಲೂ ಒಂದು ಲೆಕ್ಕ ಹೇಳುತ್ತಾರೆ. 2011ರ ಜನಗಣತಿಯಲ್ಲಿ ಇಡೀ ದೇಶದಲ್ಲಿ 60 ದಾಟಿದವರು ನೂರಕ್ಕೆ 8.6, ಕೇರಳದಲ್ಲಿ 12.6, ಹಾಗಾಗಿ ಹೊಸ ಬ್ಲಾಕ್ ಬೇಕು ಅಂತ. ಲೆಕ್ಕ ಸರಿ. ಮಕ್ಕಳು ಗಲ್ಫಿನಲ್ಲಿ, ಬೆಂಗಳೂರಿನಲ್ಲಿ. ತೋಟದ ಮನೆಯಲ್ಲಿ ಇಬ್ಬರೇ ಮುದುಕರು. ಒಬ್ಬರು ಹೋದ ಮೇಲೆ ಇನ್ನೊಬ್ಬರು ನಮ್ಮಲ್ಲಿಗೆ. ಜಾಗ ಬೇಕು, ಒಪ್ಪುತ್ತೇನೆ. ಆದರೆ ಮಂಚ ತಾನಾಗಿ ಯಾರ ಮಗ್ಗುಲನ್ನೂ ಬದಲಿಸುವುದಿಲ್ಲ ಅಲ್ವಾ?

ಈಗ ನಾನು ಹೇಳಲಿಕ್ಕೆ ಕೂತ ವಿಷಯಕ್ಕೆ ಬರುತ್ತೇನೆ. ಅದು ಬರೀ 15 ನಿಮಿಷದ್ದು.

ಮೊದಲು ನಮ್ಮಲ್ಲಿ ಏನಾದರೂ ತಪ್ಪಾದರೆ ಸಂಬಳದಲ್ಲಿ ಕಟ್. ಒಬ್ಬಳ ಕೈಯಿಂದ ಥರ್ಮಾಮೀಟರ್ ಬಿದ್ದು ಒಡೆಯಿತು, 300 ರೂಪಾಯಿ ಹಿಡಿದರು. ಅದರ ಮೇಲೆ ನಮ್ಮಲ್ಲಿ ಒಂದೇ ಒಂದು ಥರ್ಮಾಮೀಟರ್ ಒಡೆಯಲಿಲ್ಲ. ಎಲ್ಲ ಸುಮ್ನೆ ಮಾಯವಾಗುತ್ತಿದ್ದವು. ಇದು ನಗುವ ವಿಷಯ. ನಗಲಾಗದ್ದೂ ಉಂಟು. ಒಬ್ಬ ಅಜ್ಜ ಬೆಳಗಿನ ಜಾವ ಬಚ್ಚಲಲ್ಲಿ ಜಾರಿ ಬಿದ್ದರು. ರಾತ್ರಿಯವಳು ಎತ್ತಿ ಮಲಗಿಸಿ, ಯಾರಿಗೂ ಹೇಳದೆ ಏಳು ಗಂಟೆಯ ಬಸ್ಸು ಹಿಡಿದಳು. ಸಂಜೆ ಸೊಂಟ ಊದಿಕೊಂಡ ಮೇಲೆ ನಮಗೆ ಗೊತ್ತಾಯಿತು. ಅವಳು ಕೆಟ್ಟವಳಲ್ಲ. ಅಜ್ಜನಿಗೆ ಗಂಜಿ ಕುಡಿಸುವಾಗ ಅವಳ ಬಾಯಿಯೂ ತೆರೆಯುತ್ತಿತ್ತು, ಮಗುವಿಗೆ ತಿನ್ನಿಸುವ ಅಮ್ಮಂದಿರ ಹಾಗೆ. ಅವಳಿಗೆ ಹೆದರಿಕೆ ಇತ್ತು, ಅಷ್ಟೆ.

2019ರಲ್ಲಿ ಮಂಗಳೂರಿನ ಆಸ್ಪತ್ರೆಯಿಂದ ನಿವೃತ್ತಿಯಾದ ಸಿಸ್ಟರ್ ಒಬ್ಬರು ನಮ್ಮಲ್ಲಿಗೆ ಸೂಪರಿಂಟೆಂಡೆಂಟ್ ಆಗಿ ಬಂದರು. ಬಂದ ವಾರವೇ ಒಂದು ದಪ್ಪ ನೋಟ್‌ಬುಕ್ ತಂದಿಟ್ಟರು. ಬೆಳಗ್ಗೆ ಏಳರಿಂದ ಏಳೂಕಾಲು, ರಾತ್ರಿಯವರೂ ಹಗಲಿನವರೂ ಒಟ್ಟಿಗೆ ನಿಲ್ಲಬೇಕು. ಮಂಚದಿಂದ ಮಂಚಕ್ಕೆ ಹೋಗಬೇಕು. ಯಾರು ಮಲಗಲಿಲ್ಲ, ಯಾರಿಗೆ ಮೋಶನ್ ಆಗಲಿಲ್ಲ, ಯಾರ ಬೆನ್ನು ಕೆಂಪಾಗಿದೆ, ಎಲ್ಲ ಹೇಳಬೇಕು. ಆ ಕಾಲು ಗಂಟೆ ಡ್ಯೂಟಿಗೇ ಸೇರುತ್ತದೆ ಅಂತ ಟ್ರಸ್ಟಿನವರ ಹತ್ತಿರ ಜಗಳ ಮಾಡಿ ಒಪ್ಪಿಸಿದರು. ಇನ್ನೊಂದು ಮಾತು ಹೇಳಿದರು: ತಾನೇ ಬಂದು ಹೇಳಿದ ತಪ್ಪಿಗೆ ಕಟ್ ಇಲ್ಲ.

ನಾವು ನಂಬಲಿಲ್ಲ. ಎರಡು ತಿಂಗಳು ಯಾರೂ ಏನೂ ಹೇಳಲಿಲ್ಲ. ಮೊದಲು ಹೇಳಿದವಳು ನಾನು. ಧೈರ್ಯಕ್ಕಲ್ಲ, ಬೇರೆ ದಾರಿ ಇರಲಿಲ್ಲ.

ಆಗ 9ನೇ ಮಂಚಕ್ಕೂ 11ನೇ ಮಂಚಕ್ಕೂ ಒಂದೇ ಹೆಸರಿನ ಅಜ್ಜಿಯಂದಿರು. ಒಂಬತ್ತರವರ ಶುಗರಿನ ಮಾತ್ರೆ ಹನ್ನೊಂದರವರಿಗೆ ಕೊಟ್ಟೆ. ಅವರಿಗೆ ಶುಗರೇ ಇಲ್ಲ. ಡಬ್ಬ ಮುಚ್ಚುವಾಗ ಗೊತ್ತಾಯಿತು. ಅರ್ಧ ಗಂಟೆ ಸುಮ್ಮನಿದ್ದೆ, ಅದನ್ನೂ ಬರೆಯುತ್ತೇನೆ. ಆಚೆ ಹೋದೆ, ಈಚೆ ಬಂದೆ, ಬಟ್ಟೆ ಮಡಚಿದೆ. ಮತ್ತೆ ಅಜ್ಜಿಯ ಹಣೆ ನೋಡಿದರೆ ಬೆವರು. ಓಡಿಹೋಗಿ ಸಿಸ್ಟರಿಗೆ ಹೇಳಿದೆ. ಅವರು ಬೈಯಲಿಲ್ಲ. “ಎಷ್ಟು ಹೊತ್ತಾಯಿತು? ತಿಂಡಿ ತಿಂದಿದ್ದಾರಾ?” ಎರಡೇ ಪ್ರಶ್ನೆ. ಬೆರಳಿಗೆ ಚುಚ್ಚಿ ನೋಡಿದರೆ ಶುಗರ್ 58, ತುಂಬ ಕಡಿಮೆ. ಸಕ್ಕರೆ ನೀರು ಕುಡಿಸಿದೆವು, ಮೇಲಿಂದ ಗಂಜಿ. ಆ ಮಾತ್ರೆ ತುಂಬ ಹೊತ್ತು ಕೆಲಸ ಮಾಡುತ್ತದೆ ಅಂತ ಡಾಕ್ಟರು ಹೇಳಿದ್ದಕ್ಕೆ ಸಂಜೆಯವರೆಗೂ ಗಂಟೆಗೊಮ್ಮೆ ಚುಚ್ಚಿ ನೋಡಿದೆವು. ಸಂಜೆಗೆ ಅಜ್ಜಿ ನನಗೇ ಬೈದರು, ಬೆರಳು ತೂತು ಮಾಡಿದ್ದಕ್ಕೆ. ಮರುದಿನ ಏಳು ಗಂಟೆಗೆ ಎಲ್ಲರ ಎದುರು ನಾನೇ ಹೇಳಿದೆ. ಆ ವಾರವೇ ಪ್ರತಿ ಮಾತ್ರೆ ಡಬ್ಬದ ಮೇಲೆ ಅವರವರ ಫೋಟೋ ಅಂಟಿತು. ನನ್ನ ಸಂಬಳದಲ್ಲಿ ಕಟ್ ಆಗಲಿಲ್ಲ. ಅದರ ನಂತರ ನೋಡಿ, ನೋಟ್‌ಬುಕ್ ತುಂಬತೊಡಗಿತು.

ನಮ್ಮ ಊರಿನ ಭಾಷೆಯ ಕಥೆ ನಿಮಗೆ ಗೊತ್ತೇ ಉಂಟು. ಒಂದೇ ಸಾಲಿನ ಮಂಚಗಳಲ್ಲಿ ತುಳು, ಹವ್ಯಕ, ಮಲಯಾಳ, ಕೊಂಕಣಿ, ಬ್ಯಾರಿ. ಮರೆವು ಶುರುವಾದವರಿಗೆ ಆಮೇಲೆ ಕಲಿತ ಭಾಷೆ ಎಲ್ಲ ಒಂದೊಂದೇ ಬಿಟ್ಟುಹೋಗುವುದನ್ನು ನಾನು ಕಂಡಿದ್ದೇನೆ. ಶಾಲೆಯಲ್ಲಿ ಕನ್ನಡ ಪಾಠ ಮಾಡಿದ ಮಾಷ್ಟ್ರೇ ಕೊನೆಗೆ ತುಳು ಬಿಟ್ಟರೆ ಬೇರೆ ಆಡುತ್ತಿರಲಿಲ್ಲ. ಪೆರ್ಲ ಕಡೆಯ ಒಬ್ಬರು ಹವ್ಯಕ ಅಜ್ಜಿ ಒಂದು ದಿನ ಬೆಳಗ್ಗಿನಿಂದ “ಆಸರಾವುತ್ತು ಕೂಸೇ, ಆಸರಾವುತ್ತು” ಅನ್ನುತ್ತಿದ್ದರು. ಬಯಲುಸೀಮೆಯಿಂದ ಬಂದ ಹೊಸ ಹುಡುಗಿಗೆ ಅದು ಆಸರೆ ಅಂತ ಕೇಳಿಸಿತು. ಪಾಪ, ಹೆಗಲು ಕೊಟ್ಟು ಎಬ್ಬಿಸಿ ಕೂರಿಸಿದಳು. ಅಜ್ಜಿ ಮತ್ತೆ ಅದನ್ನೇ ಹೇಳಿದರು. ಕೈ ಹಿಡಿದು ಎರಡು ಸುತ್ತು ನಡೆಸಿದಳು. ಆಸರು ಅಂದರೆ ಬಾಯಾರಿಕೆ. ನೀರು ಕೇಳಿದ ಅಜ್ಜಿ ವರಾಂಡ ಸುತ್ತಿದರು. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬಾಯಾರಿಕೆಗೆ ಒಂದು ಸಾಲು ಬಂದದ್ದು ಅವತ್ತೇ. ಆಸರು, ಬಾಜೆಲ್, ದಾಹಂ, ತಾನ. ಪಕ್ಕದಲ್ಲಿ ಲೋಟದ ಚಿತ್ರ. ಕನ್ನಡ ಓದಲು ಬಾರದ ಚೇಚಿಯರಿಗಾಗಿ, ಅಂದರೆ ಮಲಯಾಳದ ಅಕ್ಕಂದಿರಿಗಾಗಿ ಚಿತ್ರ.

ಸಿಸ್ಟರ್ 2022ರಲ್ಲಿ ಮಗಳ ಮನೆಗೆ ಹೋದರು. ಆಮೇಲೆ ಬಂದ ಮ್ಯಾನೇಜರು ಬೆರಳು ಒತ್ತುವ ಮೆಷಿನ್ ಹಾಕಿಸಿದರು. ಏಳಕ್ಕೆ ಒತ್ತಿ ಒಳಗೆ, ಏಳಕ್ಕೆ ಒತ್ತಿ ಹೊರಗೆ. ಆ ಕಾಲು ಗಂಟೆ ಯಾರ ಲೆಕ್ಕದಲ್ಲೂ ಇಲ್ಲ. ನಿಂತರೆ ನಿಮ್ಮ ಸ್ವಂತ ಸಮಯ ಅಂದರು. ಏಳೂ ಹತ್ತಕ್ಕೆ ಬಸ್ಸು, ಅದು ತಪ್ಪಿದರೆ ಮುಂದಿನದಕ್ಕೆ ಒಂದು ಗಂಟೆ ಕಾಯಬೇಕು. ಯಾರು ನಿಲ್ಲುತ್ತಾರೆ? ನೋಟ್‌ಬುಕ್ ಈಗಲೂ ಉಂಟು. ಎಲ್ಲ ಪುಟದಲ್ಲೂ “ನಾರ್ಮಲ್” ಅಂತ ಬರೆದಿರುತ್ತದೆ.

ಕಟ್ ಕೂಡ ವಾಪಸು ಬಂದಿದೆ. ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಲಿಯುವ ವಿಷಯ ಇನ್ನೂ ಬೇಸರದ್ದು. ನಮ್ಮಲ್ಲಿ ಎಣ್ಮಕಜೆಯ ಒಬ್ಬಾಕೆ ಇದ್ದಳು. ಆ ಕಡೆ ಗೇರುತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿಯುವುದು 2000ದಲ್ಲಿ ನಿಂತಿತು. ಆದರೆ ಅವಳ ತಮ್ಮ ಹಾಸಿಗೆಯಿಂದ ಏಳಲೇ ಇಲ್ಲ. 17 ವರ್ಷ ಅವನ ಮಗ್ಗುಲು ಬದಲಿಸಿದ ಕೈ ಅವಳದ್ದು. ಎರಡು ಗಂಟೆಗೊಮ್ಮೆ, ಅಲಾರಂ ಇಲ್ಲದೆ ಏಳುತ್ತಿದ್ದಳು. ಮೊಣಕಾಲಿನ ನಡುವೆ ಸಣ್ಣ ದಿಂಬು, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಕೆಳಗೊಂದು ಮಡಿಕೆ ಬಟ್ಟೆ. ಅವಳು ನೋಡಿಕೊಂಡ ಯಾರಿಗೂ ಬೆನ್ನು ಹುಣ್ಣಾದದ್ದು ನನಗೆ ನೆನಪಿಲ್ಲ. 2008ರಲ್ಲೇ ಪಾಲಿಯೇಟಿವ್ ನೀತಿ, ಅಂದರೆ ವಾಸಿಯಾಗದ ಕಾಯಿಲೆಯವರ ನೋವು ಕಡಿಮೆ ಮಾಡುವ ಆರೈಕೆಯ ನೀತಿ, ತಂದ ರಾಜ್ಯ ನಮ್ಮ ಕೇರಳ, ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಮನೆಗೆ ಜೀಪಿನಲ್ಲಿ ಬರುತ್ತಾರೆ. ಒಂದು ಸಲ ನಮ್ಮಲ್ಲಿಗೆ ಬಂದವರು ಇವಳ ಕೆಲಸ ನೋಡಿ, ಎಲ್ಲಿ ಟ್ರೈನಿಂಗ್ ಮಾಡಿದ್ದು ಅಂತ ಕೇಳಿದರು. ಇವಳು ನಕ್ಕಳು.

ಅವಳಿಗೆ ಸರ್ಟಿಫಿಕೇಟ್ ಇಲ್ಲ. ಹಾಗಾಗಿ ಎಲ್ಲರಿಗಿಂತ ಕಡಿಮೆ ಸಂಬಳ, ಕೈಗೆ 12,000 ಚಿಲ್ಲರೆ. ಕೋರ್ಸಿಗೆ ಕಳಿಸಿ ಅಂತ ನಾನು ಮೂರು ಸಲ ಕೇಳಿದೆ. ಕಲಿತರೆ ಬಿಟ್ಟುಹೋಗುತ್ತಾರೆ ಅಂದರು. ಕಲಿಸದೆಯೂ ಹೋದಳು. ಈಗ ಮಂಗಳೂರಿನ ಒಂದು ಮನೆಯಲ್ಲಿ ನಿಂತು ಒಬ್ಬರೇ ಅಜ್ಜಿಯನ್ನು ನೋಡಿಕೊಳ್ಳುತ್ತಾಳೆ, ಸಂಬಳ ಹೆಚ್ಚುಕಡಿಮೆ ಎರಡರಷ್ಟು. ಇಲ್ಲಿ ಅವಳ ಹಿಂದೆ ಇಬ್ಬರಿಗೆ ಬೆನ್ನು ಹುಣ್ಣಾಯಿತು. ಡ್ರೆಸ್ಸಿಂಗಿಗೆ, ಗಾಳಿ ಹಾಸಿಗೆಗೆ ಆದ ಖರ್ಚಿನಲ್ಲಿ ಅವಳ ಕೋರ್ಸ್ ಮುಗಿಯುತ್ತಿತ್ತು. ಯಾರೂ ಆ ಲೆಕ್ಕ ಹಾಕಲಿಲ್ಲ.

ಸೇವೆ ಅಂತ ಒಂದು ಮಾತು ಉಂಟು ನೋಡಿ. ದಾನ ಕೊಡುವವರಿಗೂ ಅದೇ ಮಾತು, ನಮಗೂ ಅದೇ ಮಾತು. ಸಂಬಳ ಕೇಳಿದರೆ, ಇದು ಸೇವೆ ಅಲ್ವಾ ಅನ್ನುತ್ತಾರೆ. ಬಸ್ಸಿನವರು ಟಿಕೇಟಿನ ಹಣದಲ್ಲಿ ಸೇವೆ ಅಂತ ಬಿಡುವುದಿಲ್ಲ. ದಾನಿಗಳನ್ನು ನಾನು ದೂರುವುದಿಲ್ಲ, ಅವರಿಲ್ಲದಿದ್ದರೆ ಒಲೆ ಉರಿಯುವುದಿಲ್ಲ. ಆದರೆ ದಾನ ಕೊಡುವವರಿಗೆಲ್ಲ ಊಟವನ್ನೇ ಕೊಡುವ ಆಸೆ. ಹುಟ್ಟುಹಬ್ಬಕ್ಕೊಂದು, ತಿಥಿಗೊಂದು. ಕೆಲವು ತಿಂಗಳು ನಾಲ್ಕು ಆದಿತ್ಯವಾರವೂ ಪಾಯಸ, ಸೋಮವಾರ ನಮಗೆ ಶುಗರ್ ನೋಡುವ ಕೆಲಸ. ಇವತ್ತಿನ ರಾತ್ರಿಪಾಳಿಗೆ ಮೂರನೆಯವಳ ಸಂಬಳ ನನ್ನ ಅಮ್ಮನ ನೆನಪಿಗೆ ಅಂತ ಈ 13 ವರ್ಷದಲ್ಲಿ ಒಬ್ಬರೂ ಚೀಟಿ ಬರೆಸಲಿಲ್ಲ. ಬರೆಸಬಹುದು ಅಂತ ಅವರಿಗೆ ಯಾರೂ ಹೇಳಿಯೂ ಇಲ್ಲ.

ಕಾನೂನು ಕೂಡ ಸ್ವಲ್ಪ ಹಾಗೆಯೇ. ಹಿರಿಯರ ಪಾಲನೆಯ 2007ರ ಕಾಯ್ದೆಯ 19ನೇ ಕಲಮು ಜಿಲ್ಲೆಗೊಂದು ಆಶ್ರಮ, ಅದರಲ್ಲಿ ಕನಿಷ್ಠ 150 ಬಡ ಹಿರಿಯರಿಗೆ ಜಾಗ ಅನ್ನುತ್ತದೆ. ರಾತ್ರಿ ಎಷ್ಟು ಜನ ಎಚ್ಚರ ಇರಬೇಕು ಅಂತ ಆ ಕಲಮಿನಲ್ಲಿ ಇಲ್ಲ. ನನ್ನ ಮಗ ಮೊಬೈಲಿನಲ್ಲಿ ತೆಗೆದು ಓದಿ ಹೇಳಿದ.

ನಾನು ದೊಡ್ಡದು ಕೇಳುತ್ತಿಲ್ಲ. ಆ 15 ನಿಮಿಷ ಡ್ಯೂಟಿಯಲ್ಲಿ ಸೇರಿಸಿ, ಎರಡೂ ಪಾಳಿಗೆ. ತಾನೇ ಹೇಳಿದ ತಪ್ಪಿಗೆ ಹಣ ಹಿಡಿಯಬೇಡಿ. ವರ್ಷಕ್ಕೆ ಒಬ್ಬಳನ್ನಾದರೂ ಕಲಿಯಲು ಕಳಿಸಿ. ಆಚೆಯ ಆಶ್ರಮದವರೂ, ಈಚೆಯವರೂ ಇದನ್ನು ಓದುತ್ತಾರೆ ಅಂತ ನಿಮ್ಮ ಪತ್ರಿಕೆಗೆ ಬರೆಯುತ್ತಿದ್ದೇನೆ. ನಮ್ಮ ಮ್ಯಾನೇಜರೂ ಓದುತ್ತಾರೆ. ಬರೆದದ್ದು ಯಾರು ಅಂತ ಅವರಿಗೆ ಗೊತ್ತಾಗಬಹುದು. ಆಗಲಿ, ಫೋಟೋ ಅಂಟಿಸಿದ ಡಬ್ಬಗಳನ್ನು ಅವರು ದಿನಾ ನೋಡುತ್ತಾರೆ.

ನಮ್ಮ ಹೊಸ ಬ್ಲಾಕಿನ ಉದ್ಘಾಟನೆ ಬರುವ ತಿಂಗಳು. ಇನ್ನೂ 20 ಮಂಚ. ನಿಮ್ಮ ವರದಿಗಾರರು ಖಂಡಿತ ಬರುತ್ತಾರೆ. ವೇದಿಕೆಯ ಫೋಟೋ ತೆಗೆಯಿರಿ, ಊಟ ಮಾಡಿ, ಪಾಯಸ ಚೆನ್ನಾಗಿರುತ್ತದೆ. ಅದಾದ ಮೇಲೆ ಲಿಫ್ಟಿನಲ್ಲಿ ಒಮ್ಮೆ ಮೇಲೆ ಬನ್ನಿ. ಎದುರು ಗೋಡೆಯಲ್ಲಿ ಡ್ಯೂಟಿ ಚಾರ್ಟ್ ಅಂಟಿಸಿದೆ. ಕೆಳಗಿನ ಸಾಲು ರಾತ್ರಿಯದ್ದು. ಅಲ್ಲಿ ಎಷ್ಟು ಹೆಸರು ಉಂಟು ಅಂತ ಎಣಿಸಿ, ಅದನ್ನೂ ಬರೆಯಿರಿ.

ಇತಿ,
ಒಬ್ಬಳು ಇನ್‌ಚಾರ್ಜ್, ಬದಿಯಡ್ಕ ಸಮೀಪ
(ಹೆಸರು ಪ್ರಕಟಿಸಬೇಡಿ)