ಪುಟ್ಟಿಗೆ, ಆ ಹಾಡಿನ ವಿಷಯವಾಗಿ

ಪ್ರೀತಿಯ ಪುಟ್ಟಿ,

ಭಾನುವಾರ ಫೋನಿನಲ್ಲಿ ಕೇಳಿದೆಯಲ್ಲ, ಬಾಂಡ್ ಸಿನಿಮಾ 'ನೋ ಟೈಮ್ ಟು ಡೈ' ಮುಗಿದ ಮೇಲೆ ಬರುವ ಹಾಡು, 'ವಿ ಹ್ಯಾವ್ ಆಲ್ ದ ಟೈಮ್ ಇನ್ ದ ವರ್ಲ್ಡ್', ಯಾರದಮ್ಮ ಅಂತ. ಲೂಯಿ ಆರ್ಮ್‌ಸ್ಟ್ರಾಂಗ್ ಅಂದೆ, ಅಷ್ಟರಲ್ಲಿ ಕುಕ್ಕರ್ ಕೂಗಿತು, ಫೋನ್ ಇಟ್ಟುಬಿಟ್ಟೆ. ಆಮೇಲೆ ಮನಸ್ಸು ತಡೆಯಲಿಲ್ಲ. ಆ ಹಾಡು 2021ರದ್ದಲ್ಲ ಕಣೇ. 1969ರದ್ದು. ಅದು ಹುಟ್ಟಿದ್ದು ಬೇರೊಂದು ಬಾಂಡ್ ಸಿನಿಮಾಕ್ಕೆ, 'ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್'. ನನ್ನ ಕೇಳಿದರೆ ಅಷ್ಟೂ ಬಾಂಡ್ ಸಿನಿಮಾಗಳಲ್ಲಿ ಅದೇ ಚೆನ್ನಾಗಿರುವುದು, ಮತ್ತು ನಮ್ಮ ಮನೆಯಲ್ಲಿ ಅದನ್ನು ಪೂರ್ತಿ ನೋಡಿದವಳು ನಾನೊಬ್ಬಳೇ.

ನಾನಾಗ ಪಿಯುಸಿ. ನಿನ್ನ ದೊಡ್ಡಮಾವ ಒಂದು ರಾತ್ರಿಗೆ ವಿಸಿಪಿ ಬಾಡಿಗೆಗೆ ತಂದಿದ್ದ, ಜೊತೆಗೆ ಮೂರು ಕ್ಯಾಸೆಟ್. ಇದು ಮೂರನೆಯದು. ಹತ್ತು ನಿಮಿಷಕ್ಕೇ ಎಲ್ಲರೂ ಗೊಣಗಲು ಶುರು ಮಾಡಿದರು, ಇವನ್ಯಾರೋ, ಶಾನ್ ಕಾನರಿನೂ ಅಲ್ಲ, ರೋಜರ್ ಮೂರ್‌ನೂ ಅಲ್ಲ ಅಂತ. ನಿನ್ನ ಅಜ್ಜನಿಗಂತೂ ಪತ್ತೇದಾರ ಅಂದರೆ ರಾಜಕುಮಾರ್ ಒಬ್ಬರೇ, 1968ರ 'ಜೇಡರ ಬಲೆ'ಯ ಸಿಐಡಿ 999. ಒಬ್ಬೊಬ್ಬರಾಗಿ ಮಲಗಿಬಿಟ್ಟರು. ನಾನು ಸೌಂಡ್ ಕಡಿಮೆ ಮಾಡಿಕೊಂಡು ಟಿವಿ ಹತ್ತಿರವೇ ಕೂತು ನೋಡಿದೆ.

ಅವನು ಜಾರ್ಜ್ ಲೇಜನ್‌ಬಿ. ಆಸ್ಟ್ರೇಲಿಯಾದವನು, ಜಾಹೀರಾತುಗಳ ಮಾಡೆಲ್. ಕಾನರಿ ಐದು ಸಿನಿಮಾ ಮಾಡಿ ಬಿಟ್ಟುಹೋದ ಜಾಗಕ್ಕೆ ಬಂದ. ಅದಕ್ಕೂ ಮುಂಚೆ ಯಾವ ಸಿನಿಮಾದಲ್ಲೂ ಮುಖ್ಯ ಪಾತ್ರ ಮಾಡಿದವನಲ್ಲ. ಒಂದೇ ಸಿನಿಮಾಕ್ಕೆ ಅವನೂ ಬಿಟ್ಟ, 1971ರಲ್ಲಿ ಕಾನರಿ ವಾಪಸ್ ಬಂದ. ಹಾಗಾಗಿ ಜನ ಇದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ, ಯಾರೋ ಬದಲಿ ಆಟಗಾರ ಆಡಿಹೋದ ಮ್ಯಾಚ್ ಅನ್ನೋ ಹಾಗೆ. ಲೇಜನ್‌ಬಿ ದೊಡ್ಡ ನಟ ಅಂತ ನಾನು ವಾದ ಮಾಡುವುದಿಲ್ಲ. ಕೆಲವು ಕಡೆ ಮಾತು ಸಪ್ಪೆ. ಆದರೆ ಅವನ ಮುಖದಲ್ಲಿ ಹೆದರಿಕೆ ನಿಜವಾಗಿ ಕಾಣುತ್ತದೆ. ಈ ಕಥೆಗೆ ಬೇಕಾಗಿದ್ದೂ ಅದೇ.

ಒಂದು ದೃಶ್ಯ ಹೇಳುತ್ತೇನೆ, ನೋಡುವಾಗ ತಪ್ಪಿಸಿಕೊಳ್ಳಬೇಡ. ಸ್ವಿಟ್ಜರ್ಲೆಂಡಿನ ಬೆಟ್ಟದ ತುದಿಯಲ್ಲಿ ವಿಲನ್ ಬ್ಲೋಫೆಲ್ಡ್‌ನ ಅಡ್ಡ. ಅಲ್ಲಿಂದ ಬಾಂಡ್ ತಪ್ಪಿಸಿಕೊಳ್ಳುತ್ತಾನೆ. ಕೈಯಲ್ಲಿ ಯಾವ ಯಂತ್ರವೂ ಇಲ್ಲ. ಕೇಬಲ್ ಕಾರಿನ ತಂತಿ ಹಿಡಿದು ನೇತಾಡುವುದಕ್ಕೆ ಪ್ಯಾಂಟಿನ ಜೇಬನ್ನೇ ಕಿತ್ತು ಕೈಗೆ ಹಾಕಿಕೊಳ್ಳುತ್ತಾನೆ! ರಾತ್ರಿ ಹಿಮದ ಮೇಲೆ ಸ್ಕೀ ಮಾಡುತ್ತಾ ಇಳಿಯುವಾಗ ಒಂದು ಸ್ಕೀ ಹೋಗುತ್ತದೆ, ಒಂಟಿ ಸ್ಕೀ ಮೇಲೇ ಇಳಿಯುತ್ತಾನೆ. ಕೆಳಗೆ ಊರಿನಲ್ಲಿ ಕ್ರಿಸ್‌ಮಸ್ ಜಾತ್ರೆ, ದೀಪ, ಗದ್ದಲ. ಗುಂಪಿನಲ್ಲಿ ಹುಡುಕುವವರು ಇದ್ದಾರೆ. ಕರಡಿ ವೇಷದವನೊಬ್ಬ ಎದುರಿಗೆ ಬಂದರೂ ಬಾಂಡ್ ಬೆಚ್ಚಿಬೀಳುತ್ತಾನೆ. ಸೋತು, ತಲೆ ತಗ್ಗಿಸಿ, ಐಸ್ ಮೇಲೆ ಜನ ಜಾರಾಡುವ ಜಾಗದ ಪಕ್ಕ ಕೂರುತ್ತಾನೆ. ಆಗ ಅವನ ಮುಂದೆ ಸ್ಕೇಟ್ಸ್ ಹಾಕಿದ ಎರಡು ಕಾಲು ಬಂದು ನಿಲ್ಲುತ್ತವೆ. ಅವನು ತಲೆ ಎತ್ತುತ್ತಾನೆ. ಟ್ರೇಸಿ, ಅವನು ಪ್ರೀತಿಸುವ ಹುಡುಗಿ.

ಆಮೇಲೆ ಕಾರು ಓಡಿಸುವುದು ಅವಳು. ಅವಳದೇ ಕೆಂಪು ಕಾರು, ಅವನು ಪಕ್ಕದ ಸೀಟಿನಲ್ಲಿ. ಐಸ್ ಮೇಲೆ ರೇಸ್ ನಡೀತಿರುವ ಕಡೆಗೇ ನುಗ್ಗಿಸಿ ಅವನನ್ನು ಪಾರು ಮಾಡುತ್ತಾಳೆ. 1969ರಲ್ಲಿ, ಬಾಂಡ್ ಸಿನಿಮಾದಲ್ಲಿ! ಆ ವಯಸ್ಸಿನಲ್ಲಿ ಅದನ್ನು ನೋಡಿ ನನಗೆ ಎದೆ ಉಬ್ಬಿತ್ತು, ಈಗಲೂ ಉಬ್ಬುತ್ತದೆ. ಡಯಾನಾ ರಿಗ್ ಆ ಪಾತ್ರ ಮಾಡಿದ್ದಾರೆ. 2020ರಲ್ಲಿ ಅವರು ತೀರಿಕೊಂಡ ಸುದ್ದಿ ಬಂದ ದಿನ ನನಗೆ ಮೊದಲು ನೆನಪಾಗಿದ್ದು ಆ ಎರಡು ಕಾಲು.

ಬೇಸರದ ವಿಷಯವೂ ಇದೆ, ಮುಚ್ಚಿಡುವುದಿಲ್ಲ. ಟ್ರೇಸಿಯ ಅಪ್ಪ ನನ್ನ ಮಗಳನ್ನು ಮದುವೆಯಾಗು, ಹತ್ತು ಲಕ್ಷ ಪೌಂಡ್ ಕೊಡುತ್ತೇನೆ ಅಂತಾನೆ. ನಮಗೆ ಇದಕ್ಕೆ ಬೇರೆ ಹೆಸರು ಬೇಕಿಲ್ಲ, ವರದಕ್ಷಿಣೆ. (ಮದುವೆ ದಿನ ಬಾಂಡ್ ಆ ದುಡ್ಡು ವಾಪಸ್ ಕೊಡುತ್ತಾನೆ, ಅದಕ್ಕೇ ಅವನನ್ನು ಕ್ಷಮಿಸಿದೆ.) ಒಂದೆರಡು ಕಡೆ ಅವಳ ಮೇಲೆ ಕೈ ಮಾಡುತ್ತಾರೆ, ಒಮ್ಮೆ ಬಾಂಡ್, ಒಮ್ಮೆ ಅಪ್ಪ. ಅದು ಆವತ್ತೂ ತಪ್ಪು, ಇವತ್ತೂ ತಪ್ಪು. ಬೆಟ್ಟದ ಮೇಲೆ ಬ್ಲೋಫೆಲ್ಡ್‌ನ ಅಡ್ಡದಲ್ಲಿರುವ ಹುಡುಗಿಯರ ಜೊತೆ ಬಾಂಡ್ ಕಳೆಯುವ ಭಾಗವೂ ಉದ್ದವಾಯಿತು.

ನಿರ್ದೇಶಕ ಪೀಟರ್ ಹಂಟ್ ಅದಕ್ಕೂ ಮುಂಚಿನ ಬಾಂಡ್ ಸಿನಿಮಾಗಳಿಗೆ ಎಡಿಟರ್ ಆಗಿದ್ದವನು. ಇದು ಅವನ ನಿರ್ದೇಶನದ ಮೊದಲ ಸಿನಿಮಾ. ಹಿಮದ ದೃಶ್ಯಗಳನ್ನು ನೋಡಿ ನೀನು ಗ್ರಾಫಿಕ್ಸ್ ಅಂದುಕೊಳ್ಳಬೇಡ. ವಿಲ್ಲಿ ಬೋಗ್ನರ್ ಅನ್ನುವ ಜರ್ಮನಿಯ ಒಲಿಂಪಿಕ್ ಸ್ಕೀ ಪಟು ಕ್ಯಾಮೆರಾ ಕೈಯಲ್ಲಿ ಹಿಡಿದು ಹಿಮ್ಮುಖವಾಗಿ ಜಾರುತ್ತಾ ತೆಗೆದಿದ್ದಾನೆ. ಇನ್ನೊಬ್ಬ ಕ್ಯಾಮೆರಾಮನ್ ಹೆಲಿಕಾಪ್ಟರ್ ಕೆಳಗೆ ಬೆಲ್ಟ್ ಕಟ್ಟಿಕೊಂಡು ನೇತಾಡುತ್ತಾ ತೆಗೆದಿದ್ದಾನೆ. ಬ್ಲೋಫೆಲ್ಡ್‌ನ ಅಡ್ಡ ಕೂಡ ಸೆಟ್ ಅಲ್ಲ. ಶಿಲ್ತಾರ್ನ್ ಬೆಟ್ಟ, 2970 ಮೀಟರ್ ಎತ್ತರ. ಅಲ್ಲಿ ಆಗಷ್ಟೇ ಕಟ್ಟುತ್ತಿದ್ದ ತಿರುಗುವ ಹೋಟೆಲ್ ಅದು. ಸಿನಿಮಾದಲ್ಲಿ ಆ ಅಡ್ಡಕ್ಕಿದ್ದ ಹೆಸರೇ ಉಳಿದುಕೊಂಡಿದೆ, ಈಗಲೂ ಪೀಟ್ಸ್ ಗ್ಲೋರಿಯಾ. ನೀನು ಯಾವತ್ತಾದರೂ ಆ ಕಡೆ ಹೋದರೆ ನನಗೊಂದು ಫೋಟೋ ಕಳಿಸು.

ಈಗ ಹಾಡಿಗೆ ಬರುತ್ತೇನೆ. ಜಾನ್ ಬ್ಯಾರಿ ಸಂಗೀತ, ಹಾಲ್ ಡೇವಿಡ್ ಬರೆದದ್ದು. ಆರ್ಮ್‌ಸ್ಟ್ರಾಂಗ್ ಅದನ್ನು ಹಾಡಿದಾಗ ಆರೋಗ್ಯ ಕೆಟ್ಟಿತ್ತು, 1971ರಲ್ಲಿ ಹೋಗಿಬಿಟ್ಟರು. ಆ ದಣಿದ ಗಂಟಲು, ನಮಗೆ ಬೇಕಾದಷ್ಟು ಸಮಯ ಇದೆ ಅನ್ನುತ್ತದೆ. ಈ ಸಿನಿಮಾದಲ್ಲಿ ಹಾಡು ಬರುವುದು ಕೊನೆಗಲ್ಲ. ಬಾಂಡ್, ಟ್ರೇಸಿ ಒಟ್ಟಿಗೆ ಓಡಾಡುವಾಗ, ಕುದುರೆ, ತೋಟ, ಸಮುದ್ರ, ಎಲ್ಲಾ ಖುಷಿಯ ಮಧ್ಯೆ ಬರುತ್ತದೆ. ಬಾಂಡ್ ಸತ್ತ ಮೇಲೆ ಬಂದಿದ್ದಕ್ಕೆ ನೀನು ಅದನ್ನು ಸಾವಿನ ಹಾಡಾಗಿ ಕೇಳಿದೆ, ನಾನು ಪ್ರೀತಿಯ ಹಾಡಾಗಿ ಕೇಳಿದ್ದೆ. ಹೊಸ ಸಿನಿಮಾ ಶುರುವಿನಲ್ಲಿ ಕಾರಿನಲ್ಲಿ ಹೋಗುತ್ತಾ ಡೇನಿಯಲ್ ಕ್ರೇಗ್ ಅದೇ ಮಾತು ಹೇಳಿದಾಗ ನಾನು ಥಿಯೇಟರಿನಲ್ಲಿ ನಿನ್ನ ಅಪ್ಪನ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಅವರಿಗೆ ಯಾಕೆ ಅಂತ ಗೊತ್ತಾಗಲಿಲ್ಲ.

ಬಾಂಡ್‌ಗೆ ಹೆಂಡತಿ ಇದ್ದಳು, ತೀರಿಹೋದಳು ಅಂತ ನೀನು ಎಲ್ಲೋ ಓದಿದ್ದೀಯ, ಹಾಗಾಗಿ ಹೇಳಿದರೆ ಪರವಾಗಿಲ್ಲ. ಮದುವೆ ಮುಗಿಸಿ ಹೊರಟ ಕಾರನ್ನು ದಾರಿಯಲ್ಲಿ ನಿಲ್ಲಿಸುತ್ತಾರೆ, ಮೇಲಿನ ಹೂವು ತೆಗೆಯೋಣ ಅಂತ. ಅಷ್ಟೇ. ಇನ್ನೊಂದು ಕಾರು ಬರುತ್ತದೆ, ಗುಂಡು ಹಾರುತ್ತದೆ. ಲೇಜನ್‌ಬಿ ಮೊದಲು ನಿಜವಾಗಿಯೇ ಅತ್ತಿದ್ದನಂತೆ, ಹಂಟ್ ಬೇಡ ಅಂದು ಮತ್ತೆ ತೆಗೆಸಿದ. ಒಳ್ಳೆಯದೇ ಆಯಿತು. ಅವಳ ತಲೆ ಅವನ ಮಡಿಲಲ್ಲಿ. ಬಂದ ಪೊಲೀಸಿನವನಿಗೆ ಅವನು ಏನೂ ಆಗಿಲ್ಲ, ಸ್ವಲ್ಪ ಸುಧಾರಿಸಿಕೊಳ್ಳುತ್ತಿದ್ದಾಳೆ ಅನ್ನುತ್ತಾನೆ. ಅದಾದ ಮೇಲೆ ಆ ಹಾಡಿನ ಸಾಲು, ಮಾತಿನಲ್ಲಿ.

ಶನಿವಾರ ರಾತ್ರಿ ನೋಡು, ಎರಡು ಗಂಟೆ ಇಪ್ಪತ್ತು ನಿಮಿಷ ಇದೆ, ಮೊದಲೇ ಊಟ ಮುಗಿಸಿಕೋ. ಕೊನೆಯಲ್ಲಿ ಸೌಂಡ್ ಸ್ವಲ್ಪ ಜಾಸ್ತಿ ಇಡು, ಅವನು ತುಂಬಾ ಮೆಲ್ಲಗೆ ಹೇಳುತ್ತಾನೆ.

ನಿನ್ನ ಅಮ್ಮ