ಇಲ್ಲದ ಗ್ರಹದ ಕಥೆಗೂ ಪುಸ್ತಕದಲ್ಲಿ ಜಾಗ ಕೊಡಿ: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರೇ,

ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿಕೊಡುವ ಮೇಷ್ಟ್ರು. ಮೊನ್ನೆ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಸರ್, ನ್ಯೂಟನ್ ಲೆಕ್ಕ ಸಾಲದು ಅಂತ ಐನ್‌ಸ್ಟೈನ್‌ಗೆ ಹೇಗೆ ಗೊತ್ತಾಯಿತು?" ಪುಸ್ತಕ ತಿರುವಿ ನೋಡಿದೆ. ಇಬ್ಬರ ಫೋಟೋನೂ ಇದೆ. ಅವರಿಂದ ಇವರಿಗೆ ಬಂದ ದಾರಿ ಮಾತ್ರ ಇಲ್ಲ.

ಹಾಗಾಗಿ ಪುಸ್ತಕ ಮುಚ್ಚಿ ಕಥೆ ಹೇಳಿದೆ. ನಿಮಗೂ ಹೇಳುತ್ತೇನೆ, ಕೇಳಿ.

ಯುರೇನಸ್ ಗ್ರಹ ಲೆಕ್ಕ ಹಾಕಿದ ದಾರಿಯಲ್ಲಿ ಹೋಗುತ್ತಿರಲಿಲ್ಲ. ನ್ಯೂಟನ್ ಹೇಳಿದ ಗುರುತ್ವ ನಿಯಮವೇ ತಪ್ಪಾ? ಫ್ರಾನ್ಸಿನ ಖಗೋಳ ವಿಜ್ಞಾನಿ ಲೆವೆರಿಯೇ ಹಾಗೆ ಅಂದುಕೊಳ್ಳಲಿಲ್ಲ. ಕಾಣದ ಇನ್ನೊಂದು ಗ್ರಹ ಎಳೆಯುತ್ತಿರಬೇಕು ಎಂದು ಹೇಳಿ, ಅದು ಎಲ್ಲಿರಬೇಕು ಅಂತ ಕಾಗದದ ಮೇಲೆ ಲೆಕ್ಕ ಹಾಕಿದರು. 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್‌ನಲ್ಲಿ ಗಾಲೆ ಎಂಬ ಖಗೋಳ ವಿಜ್ಞಾನಿ ದೂರದರ್ಶಕ ತಿರುಗಿಸಿದಾಗ, ಹೇಳಿದ ಜಾಗದಿಂದ ಒಂದು ಡಿಗ್ರಿಯೂ ಆಚೆಯಿಲ್ಲದಂತೆ ನೆಪ್ಚೂನ್ ಸಿಕ್ಕಿತು!

ಆಮೇಲೆ ಬುಧನ ಸರದಿ. ಬುಧ ಸೂರ್ಯನಿಗೆ ತೀರಾ ಹತ್ತಿರ ಬರುವ ಜಾಗ ಚೂರು ಚೂರೇ ಮುಂದಕ್ಕೆ ಸರಿಯುತ್ತದೆ. ಬೇರೆ ಗ್ರಹಗಳ ಸೆಳೆತವನ್ನೆಲ್ಲ ಕಳೆದರೂ ನೂರು ವರ್ಷಕ್ಕೆ ಸುಮಾರು 43 ಆರ್ಕ್‌ಸೆಕೆಂಡ್ ಉಳಿದೇ ಬಿಡುತ್ತಿತ್ತು. ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಅದರಲ್ಲಿ 43 ಪಾಲು, ಅಷ್ಟೇ. ನಾನಾಗಿದ್ದರೆ "ಹೋಗಲಿ ಬಿಡು" ಅಂತಿದ್ದೆನೇನೋ. ಲೆವೆರಿಯೇ ಬಿಡಲಿಲ್ಲ. 1859ರಲ್ಲಿ ಹಳೆಯ ಉಪಾಯವನ್ನೇ ಹೂಡಿದರು: ಸೂರ್ಯನ ಪಕ್ಕದಲ್ಲಿ ಕಾಣದ ಏನೋ ಇರಬೇಕು. ಅದಕ್ಕೆ ವಲ್ಕನ್ ಎಂಬ ಹೆಸರೂ ಬಂತು. ನೋಡಿದೆವು ಅಂದವರೂ ಇದ್ದರು. ಆದರೆ ಅಂಥ ಗ್ರಹವೇ ಇರಲಿಲ್ಲ.

ಉಪಾಯ ಒಂದೇ. ಒಮ್ಮೆ ಗೆದ್ದಿತು, ಒಮ್ಮೆ ಸೋತಿತು. ಗೆದ್ದಿದ್ದು ಯಾವಾಗ, ಸೋತಿದ್ದು ಯಾವಾಗ ಅಂತ ಹೇಳಿದ್ದು ಆಕಾಶ, ಲೆವೆರಿಯೇ ಅವರ ದೊಡ್ಡ ಹೆಸರಲ್ಲ. 1915ರ ನವೆಂಬರ್‌ನಲ್ಲಿ ಐನ್‌ಸ್ಟೈನ್ ತಮ್ಮ ಹೊಸ ಗುರುತ್ವ ಸಿದ್ಧಾಂತದಿಂದ ಲೆಕ್ಕ ಹಾಕಿದಾಗ, ಯಾವ ಹೊಸ ಗ್ರಹವನ್ನೂ ಸೇರಿಸದೆ ಆ 43 ತಾನಾಗಿಯೇ ಬಂತು.

ಇನ್ನೊಂದು ಚಿಕ್ಕದು. ಬೆಳಕು ಬಿದ್ದಾಗ ಲೋಹದಿಂದ ಎಲೆಕ್ಟ್ರಾನ್ ಹೊರಬರುವ ಬಗ್ಗೆ ಐನ್‌ಸ್ಟೈನ್ 1905ರಲ್ಲಿ ಒಂದು ಸಮೀಕರಣ ಕೊಟ್ಟಿದ್ದರು. ಅಮೆರಿಕದ ಭೌತವಿಜ್ಞಾನಿ ಮಿಲಿಕನ್‌ಗೆ ಅದರ ಹಿಂದಿನ ವಿಚಾರ ಸುತರಾಂ ಒಪ್ಪಿಗೆಯಿರಲಿಲ್ಲ. ವರ್ಷಗಟ್ಟಲೆ ಪ್ರಯೋಗ ಮಾಡಿದರು. ಅಳತೆ ಮಾತ್ರ ಸಮೀಕರಣದ ಪರವಾಗಿಯೇ ಬಂತು. 1916ರಲ್ಲಿ ಅದನ್ನು ಹಾಗೇ ಪ್ರಕಟಿಸಿದರು. ತಮಗೇ ಇಷ್ಟವಿಲ್ಲದ ಉತ್ತರವನ್ನು ಹೀಗೆ ಬರೆದುಕೊಡೋದು ಸುಲಭ ಅಲ್ಲ, ಅಲ್ವಾ?

ಕಥೆ ಮುಗಿದಾಗ ಕ್ಲಾಸು ಗಪ್‌ಚುಪ್. ಆಮೇಲೆ ಅದೇ ಹುಡುಗಿ ಕೇಳಿದಳು: "ಸರ್, ಇದು ಪರೀಕ್ಷೆಗೆ ಬರುತ್ತಾ?" ಬರಲ್ಲಮ್ಮ ಅಂದೆ. ಪೆನ್ನು ಕೆಳಗಿಟ್ಟಳು. ಅವಳ ತಪ್ಪೇನಿಲ್ಲ.

ಅದಕ್ಕೇ ಈ ಪತ್ರ. ಹೊಸ ಲ್ಯಾಬ್, ಹೊಸ ಕಂಪ್ಯೂಟರ್ ಕೇಳುತ್ತಿಲ್ಲ (ಕೊಟ್ಟರೆ ಬೇಡ ಅನ್ನಲ್ಲ). ಮುಂದಿನ ಸಲ ಪುಸ್ತಕ ಪರಿಷ್ಕರಿಸುವಾಗ ನೆಪ್ಚೂನ್ ಪಕ್ಕದಲ್ಲಿ ವಲ್ಕನ್‌ಗೂ ಎರಡು ಪುಟ ಕೊಡಿಸಿ. ಪ್ರಶ್ನೆಪತ್ರಿಕೆಯಲ್ಲಿ "ನಿಯಮ ಬರೆಯಿರಿ" ಅನ್ನೋದನ್ನು ಒಂದು ಕಡಿಮೆ ಮಾಡಿ, "ಇದು ಸರಿ ಅಂತ ಹೇಗೆ ಗೊತ್ತಾಯಿತು? ಏನು ಕಂಡಿದ್ದರೆ ತಪ್ಪು ಅನ್ನುತ್ತಿದ್ದರು?" ಅಂತ ಒಂದು ಪ್ರಶ್ನೆ ಹಾಕಿಸಿ. ಐದು ಅಂಕದ್ದಾದರೆ ಇನ್ನೂ ಒಳ್ಳೆಯದು. ಎರಡು ಅಂಕದ್ದನ್ನು ಮಕ್ಕಳು ಬಿಟ್ಟುಬಿಡುತ್ತಾರೆ.

ಇಂತಿ,
ಒಬ್ಬ ಭೌತಶಾಸ್ತ್ರ ಮೇಷ್ಟ್ರು